ಚೌಕಟ್ಟಿನೊಳಗೆ ಮರೆಯಾಗುವ ಕನ್ನಡ

ಶಾಲಾ ಪ್ರವೇಶವಿರಲಿ, ವಿದ್ಯಾರ್ಥಿವೇತನವಿರಲಿ, ಇಂದು ಪ್ರಕಟಣೆಗಳು ಹೆಚ್ಚಾಗಿ ಜಾಲತಾಣಗಳ ಮೂಲಕವೇ ಬರುತ್ತಿವೆ. ಅವು ಕನ್ನಡದಲ್ಲಿಯೂ ಇರಬೇಕೆಂದು ಗಡಿನಾಡ ಕನ್ನಡಿಗರಾದ ನಾವು ಒತ್ತಾಯಿಸುತ್ತಲೇ ಬಂದಿದ್ದೇವೆ. ಹಾಗೆ ಹಾಕಿದ ಕನ್ನಡ ಪೂರ್ತಿ ಓದಲು ಸಿಗುತ್ತದೆಯೇ ಎಂಬುದನ್ನೂ ಈಗ ಕೇಳಬೇಕಾಗಿದೆ.

ಪುಟದ ನಡುವೆ ಒಂದು ಚೌಕಟ್ಟು, ಅದರೊಳಗೆ ಪ್ರಕಟಣೆ. ಮೊಬೈಲಿನಲ್ಲಿ ಬೆರಳಿಟ್ಟು ಸರಿಸಿದರೆ ಹೊರಗಿನ ಪುಟ ಸರಿಯುತ್ತದೆಯೇ ಹೊರತು ಒಳಗಿನ ಬರಹ ಅಲುಗುವುದಿಲ್ಲ. ಕೊನೆಯ ಸಾಲು ಅಂಚಿನಡಿ ಅಡಗಿರುತ್ತದೆ. ಅರ್ಜಿಯ ಕೊನೆಯ ದಿನಾಂಕ ಆ ಸಾಲಿನಲ್ಲಿದ್ದರೆ, ಮಗುವಿಗೆ ಸಿಗಬೇಕಾದ ಒಂದು ವರ್ಷದ ಸೌಲಭ್ಯ ಕೈತಪ್ಪಿತೆಂದೇ ತಿಳಿಯಬೇಕು. ಕೇಳಿದರೆ, ಕನ್ನಡಕ್ಕೆ ಜಾಗ ಹೆಚ್ಚು ಬೇಕು, ಇಂಗ್ಲಿಷಿನಲ್ಲಿ ಓದಿಕೊಳ್ಳಿ ಎಂಬ ಉತ್ತರ! ಇದನ್ನು ಒಪ್ಪಲಾಗದು.

ಪರದೆಯನ್ನು ಹಲವು ಭಾಗಗಳಾಗಿ ಸೀಳಿ ಒಂದೊಂದರಲ್ಲಿ ಒಂದೊಂದು ಪುಟ ತೋರಿಸುವ 'ಫ್ರೇಮ್' ಪದ್ಧತಿ 1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರಿನ 2ನೇ ಆವೃತ್ತಿಯೊಂದಿಗೆ ಬಂತು. 1997ರ ಎಚ್‌ಟಿಎಂಎಲ್ 4 ಅದಕ್ಕೆ ಮಾನ್ಯತೆ ನೀಡಿದರೆ, 2014ರ ಎಚ್‌ಟಿಎಂಎಲ್ 5 ಅದನ್ನು ಕೈಬಿಟ್ಟಿತು. ಪುಟದೊಳಗೆ ಇನ್ನೊಂದು ಪುಟ ಕೂರಿಸುವ 'ಐಫ್ರೇಮ್' ಉಳಿದುಕೊಂಡಿದೆ. ಅದರೊಂದಿಗೆ ಹಳೆಯ ತೊಂದರೆಗಳೂ ಉಳಿದಿವೆ.

ದೋಷ ಇರುವುದು ಮೂರು ಕಡೆ. ಮೊದಲನೆಯದಾಗಿ, ಚೌಕಟ್ಟಿನ ಎತ್ತರವನ್ನು ಇಂತಿಷ್ಟೇ ಪಿಕ್ಸೆಲ್ ಎಂದು ಬಿಗಿಯುತ್ತಾರೆ. ಎರಡನೆಯದಾಗಿ, 'ಸ್ಕ್ರಾಲಿಂಗ್ ನೋ' ಎಂದೋ 'ಓವರ್‌ಫ್ಲೋ ಹಿಡನ್' ಎಂದೋ ಬರೆದು, ಮಿಕ್ಕಿದ್ದನ್ನು ಸರಿಸಿ ನೋಡುವ ದಾರಿಯನ್ನೇ ಮುಚ್ಚುತ್ತಾರೆ. ಮೂರನೆಯದಾಗಿ, ಸಾಲುಗಳ ಅಂತರವನ್ನು ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿ ಅಳೆಯುತ್ತಾರೆ. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯುವಂಥವು. ಅಂತರ ಸಾಲದಿದ್ದರೆ ಅವು ಕತ್ತರಿಸಿಹೋಗುತ್ತವೆ. ಸಂಧಿ ಸಮಾಸಗಳಿಂದ ಉದ್ದವಾದ ಪದಗಳು ಕಿರಿದಾದ ಪರದೆಯಲ್ಲಿ ಬಲ ಅಂಚನ್ನು ದಾಟಿಬಿಡುತ್ತವೆ.

ಪರಿಹಾರಕ್ಕೆ ಹಣವೇನೂ ಬೇಕಾಗಿಲ್ಲ. ಪ್ರಕಟಣೆಯನ್ನು ಐಫ್ರೇಮಿಗೆ ತುರುಕದೆ ಪುಟದಲ್ಲೇ ಬರೆಯಲಿ. ಚೌಕಟ್ಟು ಬೇಕೇ ಬೇಕೆಂದಾದರೆ ಕನಿಷ್ಠ ಎತ್ತರವನ್ನಷ್ಟೇ ಹೇಳಿ, ಬರಹ ಹೆಚ್ಚಾದಂತೆ ಅದು ಬೆಳೆಯಲು ಬಿಡಲಿ. ಎತ್ತರಕ್ಕೆ ಮಿತಿ ಹಾಕಲೇಬೇಕಾದಲ್ಲಿ 'ಓವರ್‌ಫ್ಲೋ ಆಟೋ' ಎಂದಿದ್ದರೆ ಒಳಗಿನ ಬರಹವನ್ನಾದರೂ ಸರಿಸಬಹುದು. ಸಾಲಿನ ಅಂತರ ಹೆಚ್ಚಿಸಲಿ, ಉದ್ದ ಪದ ಮುರಿದು ಕೆಳಗಿಳಿಯಲು ಅವಕಾಶವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪುಟವನ್ನು ಹೊರಬಿಡುವ ಮೊದಲು ಕನ್ನಡ ಪಾಠವನ್ನೇ ತುಂಬಿಸಿ ಸಾಧಾರಣ ಮೊಬೈಲಿನಲ್ಲಿ ಕೊನೆಯ ಸಾಲಿನವರೆಗೆ ಓದಿ ನೋಡಲಿ.

ಓದುಗರಾದ ನಮಗೂ ಕರ್ತವ್ಯವಿದೆ. ಬರಹ ಅರ್ಧಕ್ಕೆ ನಿಂತರೆ ನಮಗೆ ತಿಳಿಯದೆಂದು ಸುಮ್ಮನಾಗದೆ, ಪರದೆಯ ಚಿತ್ರವನ್ನು ತೆಗೆದು, ಯಾವ ಪುಟ, ಎಲ್ಲಿ ತುಂಡಾಗಿದೆ ಎಂದು ಸಂಬಂಧಪಟ್ಟವರಿಗೆ ಬರೆದು ತಿಳಿಸೋಣ. ಕನ್ನಡದಲ್ಲಿ ಪ್ರಕಟಣೆ ಪಡೆಯುವ ಹಕ್ಕೆಂದರೆ ಅದನ್ನು ಕೊನೆಯ ಸಾಲಿನವರೆಗೂ ಓದುವ ಹಕ್ಕು.