ಒಟ್ಟಿಗಾ, ಬೇರೆ ಬೇರೆನಾ?

ನಮ್ಮ ಹಾಸ್ಟೆಲ್‌ಗೆ ಈ ವರ್ಷ ಜರ್ಮನಿ ಜ್ವರ ಬಂದಿದೆ. ಮೂರನೇ ಫ್ಲೋರ್‌ನಲ್ಲಿ ಸಂಜೆ ಏಳಕ್ಕೆ ಎ-ಒನ್ ಕ್ಲಾಸ್ ನಡೆಯುತ್ತೆ, ಅರ್ಧ ಜನ ಲುಂಗಿಯಲ್ಲೇ ಕೂತು "ಇಖ್ ಬಿನ್, ಡು ಬಿಸ್ಟ್" ಅಂತಿರ್ತಾರೆ. ನಾವೂ ಅದರಲ್ಲಿ ಇದೀವಿ, ಸುಳ್ಳು ಹೇಳಲ್ಲ. ಯಾವ ಯೂನಿವರ್ಸಿಟಿ, ಎಷ್ಟು ಸಿಜಿಪಿಎ ಬೇಕು, ಎಪಿಎಸ್ ಸರ್ಟಿಫಿಕೇಟ್ ಎಷ್ಟು ದಿನ ಆಗುತ್ತೆ, ಬ್ಲಾಕ್ಡ್ ಅಕೌಂಟ್‌ಗೆ ದುಡ್ಡು ಎಲ್ಲಿಂದ ತರೋದು, ಇದೆಲ್ಲ ನಮಗೆ ಬಾಯಿಪಾಠ. 2023-24ರ ಚಳಿಗಾಲದ ಸೆಮಿಸ್ಟರ್ ಹೊತ್ತಿಗೇ ಅಲ್ಲಿ ಓದುವ ಭಾರತೀಯರು 49,000 ದಾಟಿದ್ದರು. ಹೊರದೇಶದಿಂದ ಬಂದ ವಿದ್ಯಾರ್ಥಿಗಳಲ್ಲಿ ನಮ್ಮವರದ್ದೇ ಮೊದಲ ಸ್ಥಾನ.

ಇಷ್ಟೆಲ್ಲ ವಿಚಾರಿಸೋ ನಾವು ಒಂದು ಪ್ರಶ್ನೆ ಮಾತ್ರ ಕೇಳಲ್ಲ. ಅಲ್ಲಿ ಶನಿವಾರ ರಾತ್ರಿ ಯಾರ ಜೊತೆ ಊಟ ಮಾಡ್ತೀವಿ?

ಈ ಪ್ರಶ್ನೆ ನಮಗೂ ತಾನಾಗಿ ಹೊಳೆದಿದ್ದಲ್ಲ. ಹೋದ ವರ್ಷ ಪಾಸಾಗಿ ಆಖೆನ್‌ಗೆ ಹೋದ ನಮ್ಮ ಸೀನಿಯರ್ ಒಬ್ಬರಿದ್ದಾರೆ. (ಆ 'ಖ' ಗಂಟಲಿನ ಒಳಗಿಂದ ಬರಬೇಕಂತೆ. ನಮಗೆ ಬರಲ್ಲ.) ಹಾಸನದವರು, ನಮಗೆಲ್ಲ ಬರೀ 'ಅಣ್ಣ'. ಫಸ್ಟ್ ಇಯರ್‌ನಲ್ಲಿ ನಮ್ಮ ಕೈಲಿ ಕಾಸಿಲ್ಲದ ದಿನ ಗೇಟ್ ಮುಂದಿನ ಅಂಗಡಿಯಲ್ಲಿ ಎಷ್ಟು ಸಲ ದುಡ್ಡು ಕೊಟ್ಟಿದ್ದಾರೋ ಲೆಕ್ಕವಿಲ್ಲ. "ಬಿಡ್ರೋ, ಮುಂದಿನ ಸಲ ನೀವು ಕೊಡಿ" ಅನ್ನೋರು. ಆ ಮುಂದಿನ ಸಲ ಬರೋ ಹೊತ್ತಿಗೆ ಅವರು ವಿಮಾನ ಹತ್ತಿ ಆಗಿತ್ತು.

ಅಣ್ಣ ಹೋದ ಮೊದಲ ತಿಂಗಳು ಗ್ರೂಪ್‌ನಲ್ಲಿ ಫೋಟೋಗಳೋ ಫೋಟೋಗಳು. ಕಲ್ಲು ಹಾಸಿದ ಬೀದಿ, ಚರ್ಚು, ಹೋಟೆಲ್ ಟೇಬಲ್ ಸುತ್ತ ಎಂಟು ಜನ. ನಾವು ಕೆಳಗೆ "ಪಾರ್ಟಿ ಯಾವಾಗಣ್ಣ", "ಯೂರೋದಲ್ಲಿ ಎಣಿಸ್ತಿದೀಯ ಬಿಡು" ಅಂತೆಲ್ಲ ಹಾಕಿದ್ವಿ. ಡಿಸೆಂಬರ್ ಹೊತ್ತಿಗೆ ಫೋಟೋ ನಿಂತವು. ಮೆಸೇಜ್‌ಗೆ ಉತ್ತರವೂ ಕಡಿಮೆಯಾಯ್ತು. ದೊಡ್ಡವರಾಗಿಬಿಟ್ಟರು, ನಮ್ಮನ್ನ ಮರೆತರು ಅಂತ ನಾವೇ ತೀರ್ಪು ಕೊಟ್ಟು ಸುಮ್ಮನಾದ್ವಿ.

ಫೆಬ್ರವರಿ ಕೊನೆಯಲ್ಲಿ ಅವರ ತಂಗಿ ಮದುವೆ. ನಾವು ಐದೂ ಜನ ಹಾಸನಕ್ಕೆ ಹೋದ್ವಿ. ಊಟ ಮುಗಿಸಿ ಛತ್ರದ ಬಾಗಿಲ ಹತ್ತಿರ, ಅವರ ಚಿಕ್ಕಪ್ಪ ನೋಟ್‌ಬುಕ್ ಇಟ್ಟುಕೊಂಡು ಮುಯ್ಯಿ ಬರೆಯುತ್ತಿದ್ದ ಟೇಬಲ್ ಪಕ್ಕ ಕೂತಾಗ ಅಣ್ಣ ನಿಜ ಸಂಗತಿ ಹೇಳಿದರು.

ನವೆಂಬರ್‌ನಲ್ಲಿ ಗೆಳೆಯನೊಬ್ಬನ ಬರ್ತ್‌ಡೇ. ಎಂಟು ಜನ, ಎಲ್ಲ ನಮ್ಮ ದೇಶದವರೇ, ಒಂದು ಇಂಡಿಯನ್ ರೆಸ್ಟೋರೆಂಟ್‌ಗೆ ಹೋದರು. ಅಣ್ಣ ಮೆನುವನ್ನು ಬಲಗಡೆಯಿಂದ ಓದಿದರು, ಅಂದರೆ ರೇಟಿನ ಕಡೆಯಿಂದ. ದಾಲ್ ತಡ್ಕಾ ತಗೊಂಡರು, ಜೊತೆಗೆ ಅನ್ನ ಬರುತ್ತೆ. ಒಂದು ಸಣ್ಣ ಬಾಟಲಿ ನೀರು. ಅಲ್ಲಿ ಕೂತ ತಕ್ಷಣ ಸ್ಟೀಲ್ ಲೋಟದಲ್ಲಿ ನೀರು ತಂದಿಡಲ್ಲ, ನೀರಿಗೂ ದುಡ್ಡು. ನಲ್ಲಿ ನೀರು ಕೊಡಿ ಅಂತ ಕೇಳಿದ್ರೆ ಎಷ್ಟೋ ಕಡೆ ಮುಖ ನೋಡ್ತಾರಂತೆ. ಇಬ್ಬರು ಕುರಿ ಮಾಂಸದ ಐಟಂ, ಮೂವರು ಬಿಯರ್, ನಡುವೆ ಎಲ್ಲರಿಗೂ ಅಂತ ಸ್ಟಾರ್ಟರ್ಸ್. ಬಿಲ್ 304 ಯೂರೋ. ಯಾರೋ ಫೋನ್ ತೆಗೆದು ಎಂಟರಿಂದ ಭಾಗಿಸಿದರು. ತಲೆಗೆ 38.

ಅಣ್ಣ ತಿಂದಿದ್ದು ಹದಿನೈದು, ಹದಿನಾರು ಯೂರೋದ್ದು. ಒಂದು ಯೂರೋ ಅಂದರೆ ಸುಮಾರು ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಯೂನಿವರ್ಸಿಟಿ ಮೆನ್ಸಾದಲ್ಲಿ, ಅಂದರೆ ಅಲ್ಲಿನ ಸ್ಟೂಡೆಂಟ್ ಕ್ಯಾಂಟೀನ್‌ನಲ್ಲಿ, ಮೂರೂವರೆ ನಾಲ್ಕು ಯೂರೋಗೆ ಮಧ್ಯಾಹ್ನದ ಊಟ ಆಗುತ್ತೆ. ಆ ಒಂದು ರಾತ್ರಿ ಅವರ ಎರಡು ವಾರದ ಊಟದ ದುಡ್ಡು ಹೋಯ್ತು.

"ನಂದು ಕಮ್ಮಿ ಆಗಿದೆ ಅಂತ ಹೇಳಬೇಕಿತ್ತು ಅಣ್ಣ" ಅಂದ್ವಿ.

"ಹೆಂಗೆ ಹೇಳ್ತೀಯ? ಎಂಟು ಜನರ ಮುಂದೆ, ಬರ್ತ್‌ಡೇ ಹುಡುಗನ ಎದುರು?"

ಹೇಳಲಿಲ್ಲ. ಮುಂದಿನ ಸಲ ಕರೆದಾಗ ಅಸೈನ್‌ಮೆಂಟ್ ಇದೆ ಅಂದರು. ಅದರ ಮುಂದಿನ ಸಲ ಹುಷಾರಿಲ್ಲ ಅಂದರು. ನಾಲ್ಕನೇ ಸಲ ಅವರೇ ಕರೆಯಲಿಲ್ಲ. ನಾಲ್ಕೂವರೆಗೆಲ್ಲ ಕತ್ತಲಾಗೋ ಊರು, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಪಕ್ಕದ ರೂಮಿನವನ ಹೆಸರು ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ಒಂದು ಸಲ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲವಂತೆ. ಸೋಮವಾರ ಬಸ್ಸಲ್ಲಿ ಯಾರೋ ಏನೋ ಕೇಳಿದಾಗ ಗಂಟಲು ಕಟ್ಟಿ ದನಿಯೇ ಬರಲಿಲ್ಲ ಅಂತ ನಗ್ತಾ ಹೇಳಿದರು. ನಮಗೆ ನಗು ಬರಲಿಲ್ಲ. ಆ ವಾರ ನಾವು ಗ್ರೂಪ್‌ನಲ್ಲಿ ಕಳಿಸಿದ್ದು ಏನು ಅಂತ ಆಮೇಲೆ ಹಿಂದಕ್ಕೆ ಹೋಗಿ ನೋಡಿದ್ವಿ. ಅವರ ಮುಖದ ಮೇಲೆ ಯೂರೋ ನೋಟು ಅಂಟಿಸಿದ ಒಂದು ಮೀಮ್.

ಅಲ್ಲಿಗೆ ಹೋದವರ ಹತ್ತಿರ ದುಡ್ಡು ಇರುತ್ತೆ ಅನ್ನೋದು ನಮ್ಮ ಭ್ರಮೆ, ಇದನ್ನ ಮೊದಲು ಬಿಡಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅದರಲ್ಲಿ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತೆ. ಬಾಡಿಗೆ, ಹೆಲ್ತ್ ಇನ್ಶೂರೆನ್ಸ್, ದಿನಸಿ ಕಳೆದು ಉಳಿದಿದ್ದರಲ್ಲಿ ಹೊರಗಿನ ಊಟ. ಅದೂ ಎಷ್ಟೋ ಮನೆಗಳಲ್ಲಿ ಸಾಲದ ದುಡ್ಡು. ಡ್ಯೋನರ್ ಅಂತ ಒಂದು ತಿಂಡಿ ಇದೆ, ರೊಟ್ಟಿಯೊಳಗೆ ಮಾಂಸ, ಸೊಪ್ಪು ತುಂಬಿ ಕೊಡೋದು. ನಮಗೆ ಎಗ್ ಪಫ್ ಹೆಂಗೋ ಅಲ್ಲಿ ಓದೋರಿಗೆ ಅದು ಹಂಗೆ. ಅದರ ರೇಟು ಎಷ್ಟು ಏರಿತು ಅಂದರೆ, ಚಾನ್ಸಲರ್ ಆಗಿದ್ದ ಓಲಾಫ್ ಶೋಲ್ಜ್ ಅವರನ್ನು ಹುಡುಗರು ಕಂಡಲ್ಲೆಲ್ಲ ಡ್ಯೋನರ್ ರೇಟು ಇಳಿಸಿ ಅಂತ ಕೇಳುತ್ತಿದ್ದರು. ಅಲ್ಲೇ ಹುಟ್ಟಿದವರ ಕಥೆಯೇ ಹೀಗೆ. ನಮ್ಮ ಅಣ್ಣ ಯಾವ ಲೆಕ್ಕ?

ಅವರು ಹೇಳಿದ ಇನ್ನೊಂದು ಊಟದ ಕಥೆ ಇದೆ. ಈ ಲೇಖನ ಬರೆಯೋಕೆ ಅದೇ ಕಾರಣ.

ಜನವರಿಯಲ್ಲಿ ಪ್ರಾಜೆಕ್ಟ್ ಮುಗಿದ ದಿನ ಅವರ ಟೀಮಿನ ಮೂವರು ಜರ್ಮನ್ ಹುಡುಗರು ಕರೆದರು. ಅದೂ ಹತ್ತು ದಿನ ಮುಂಚೆ ಡೇಟ್ ಹಾಕಿ. ಅಣ್ಣ ಹೆದರಿಕೊಂಡೇ ಹೋಗಿ ಒಂದು ಟೀ ಮಾತ್ರ ಹೇಳಿದರು. ಬಾಕಿಯವರು ಊಟ ಮಾಡಿದರು. ಎರಡು ಗಂಟೆ ಹರಟೆ. ಕೊನೆಗೆ ವೇಟ್ರೆಸ್ ಬಂದು ಕೇಳಿದಳು, "ಟ್ಸುಝಾಮೆನ್ ಓಡರ್ ಗೆಟ್ರೆಂಟ್?" ಒಟ್ಟಿಗಾ, ಬೇರೆ ಬೇರೆನಾ? ಗೆಟ್ರೆಂಟ್, ಬೇರೆ ಬೇರೆ. ಒಬ್ಬೊಬ್ಬರೂ ತಾವು ತಿಂದಿದ್ದು ಹೇಳಿದರು, ಅವಳು ಅಲ್ಲೇ ಕೂಡಿಸಿದಳು, ಅವರವರದ್ದು ಅವರು ಕೊಟ್ಟರು, ಸ್ವಲ್ಪ ಟಿಪ್ಸ್ ಸೇರಿಸಿ. ಅಣ್ಣನ ಟೀ ಮೂರು ಯೂರೋ ಚಿಲ್ಲರೆ. ಯಾಕೆ ಬರೀ ಟೀ ಅಂತ ಯಾರೂ ಕೇಳಲಿಲ್ಲ. ಎದ್ದು ಹೋಗುವಾಗ, ಮತ್ತೆ ಫೆಬ್ರವರಿ ಹನ್ನೆರಡಕ್ಕೆ ಸಿಗೋಣ ಅಂತ ಡೈರಿಯಲ್ಲಿ ಬರೆದುಕೊಂಡರು.

"ಮೊದಲು ಬೇಜಾರಾಯ್ತು, ಎಂಥ ಜನ ಇವರು, ಒಂದು ಟೀ ಕೊಡಿಸಲ್ವಲ್ಲ ಅಂತ. ರೂಮಿಗೆ ನಡೀತಾ ಹೋಗುವಾಗ ಹೊಳೀತು. ಎರಡು ತಿಂಗಳಲ್ಲಿ ನಾನು ಮನುಷ್ಯರ ಜೊತೆ ಕೂತಿದ್ದು ಇದೇ ಮೊದಲು. ಕೂರೋಕೆ ಆಗಿದ್ದು ಆ ಬೇರೆ ಬಿಲ್ಲಿಂದ."

ಇಲ್ಲಿ ನಮ್ಮೊಳಗೇ ಜಗಳ ಆಯ್ತು. ವಾಪಸ್ ಬರೋ ರೈಲಿನಲ್ಲಿ ನಮ್ಮಲ್ಲಿ ಇಬ್ಬರು, ಇದೆಲ್ಲ ನಮಗೆ ಬೇಡ, ಪೈಸೆ ಪೈಸೆ ಲೆಕ್ಕ ಹಾಕೋದು ಸ್ನೇಹವೇ ಅಲ್ಲ ಅಂತ ವಾದ ಮಾಡಿದರು. ಸ್ನೇಹದಲ್ಲಿ ಸ್ವಲ್ಪ ಬಾಕಿ ಇರಬೇಕು, ನಾನು ನಿನಗೆ ಒಂದು ದೋಸೆ ಬಾಕಿ ಅನ್ನೋ ನೆಪದಲ್ಲೇ ಅಲ್ವಾ ಮತ್ತೆ ಸಿಗೋದು ಅಂದರು. ಆ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಬೈ ಟು ಕಾಫಿ ಇದೆಯಲ್ಲ, ಪ್ರಪಂಚದಲ್ಲಿ ಇನ್ನೆಲ್ಲಿ ಒಂದು ಕಾಫಿ ಹೇಳಿದ್ರೆ ಎರಡು ಲೋಟದಲ್ಲಿ ಹಂಚಿ ಕೊಡ್ತಾರೋ ನಮಗೆ ಗೊತ್ತಿಲ್ಲ. ಅದನ್ನ ಬಿಡಿ ಅಂತ ನಾವು ಹೇಳ್ತಿಲ್ಲ.

ಆದರೆ ಎಂಟರಿಂದ ಭಾಗಿಸೋದು ಬೈ ಟು ಕಾಫಿ ಅಲ್ಲ. ಬೈ ಟುನಲ್ಲಿ ಇಬ್ಬರಿಗೂ ಸಮ ಕಾಫಿ, ಇಬ್ಬರದ್ದೂ ಸಮ ಕಾಸು. ಇಲ್ಲಿ ತಿಂದಿದ್ದು ಬೇರೆ, ಕೊಡೋದು ಮಾತ್ರ ಸಮ. ಔದಾರ್ಯದ ಥರ ಕಾಣುತ್ತೆ, ಆದರೆ ಕಮ್ಮಿ ದುಡ್ಡಿರುವವನು ಜಾಸ್ತಿ ಇರುವವನ ಬಿಯರ್‌ಗೆ ದುಡ್ಡು ಕೊಡ್ತಿದ್ದಾನೆ. "ಮುಂದಿನ ಸಲ ನೀನು ಕೊಡು" ಅನ್ನೋ ಪದ್ಧತಿ ನಡೆಯೋದು ಮುಂದಿನ ಸಲ ಖಂಡಿತ ಇದೆ ಅಂತ ಗೊತ್ತಿರೋ ಕಡೆ. ಒಂದೇ ಹಾಸ್ಟೆಲ್, ಒಂದೇ ಗೇಟು, ನಾಲ್ಕು ವರ್ಷ. ಅಲ್ಲಿ ಹಾಗಲ್ಲ. ಎರಡು ವರ್ಷದ ಕೋರ್ಸ್, ಆರು ತಿಂಗಳಿಗೆ ಒಬ್ಬ ಮ್ಯೂನಿಕ್‌ಗೆ ಇಂಟರ್ನ್‌ಶಿಪ್ ಅಂತ ಹೋಗ್ತಾನೆ, ಇನ್ನೊಬ್ಬ ರೂಮು ಬದಲಾಯಿಸ್ತಾನೆ. ಬಾಕಿ ತೀರೋದೇ ಇಲ್ಲ.

ಇನ್ನು ಲೆಕ್ಕ ಬರೆಯೋದು ನಮ್ಮ ಸಂಸ್ಕೃತಿ ಅಲ್ಲ ಅನ್ನೋರಿಗೆ, ಅಣ್ಣನ ಚಿಕ್ಕಪ್ಪನ ನೋಟ್‌ಬುಕ್ ತೋರಿಸಬೇಕು. ಇಂಥ ಊರಿನ ಇಂಥವರು, ಇನ್ನೂರು. ಇಂಥವರು, ಎರಡು ಸಾವಿರ. ಪ್ರತಿಯೊಂದೂ ಬರೆದಿಡ್ತಾರೆ, ಅವರ ಮನೆ ಮದುವೆ ದಿನ ಆ ನೋಟ್‌ಬುಕ್ ತೆಗೆದು ನೋಡಿಯೇ ಹೋಗ್ತಾರೆ. ಹಾಗಂತ ಬಂದವರನ್ನೆಲ್ಲ ತಲೆಗಿಷ್ಟು ಅಂತ ಭಾಗಿಸ್ತಾರಾ? ಇನ್ನೂರು ಬರೆಸಿದವರೂ ಎರಡು ಸಾವಿರ ಬರೆಸಿದವರೂ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದರು. ನಾವು ಐದು ಜನ ಸೇರಿ ಐನೂರು ಬರೆಸಿದ್ವಿ, ಚಿಕ್ಕಪ್ಪ ತಲೆ ಎತ್ತದೆ ಬರೆದುಕೊಂಡರು.

ಹೋಗೋರಿಗೆ ನಮ್ಮ ಅಭಿಪ್ರಾಯ ಇಷ್ಟು. ಜರ್ಮನ್ ಕಲಿಯುವಾಗ 'ಗೆಟ್ರೆಂಟ್' ಅನ್ನೋ ಪದವನ್ನ ಮೊದಲ ವಾರವೇ ಕಲೀರಿ, ಅದನ್ನ ಕೂರುವ ಮುಂಚೆ ಹೇಳಿ, ಬಿಲ್ ಬಂದ ಮೇಲಲ್ಲ. ನಮ್ಮವರ ಜೊತೆ ಇದ್ದಾಗಲೂ ಹೇಳಿ, ಅವರ ಜೊತೆಯೇ ಹೇಳೋದು ಜಾಸ್ತಿ ಕಷ್ಟ. ಹೋಟೆಲ್ ಆಗಲ್ಲ ಅಂದ್ರೆ "ಅಸೈನ್‌ಮೆಂಟ್" ಅನ್ನಬೇಡಿ, "ದುಡ್ಡಿಲ್ಲ, ನನ್ನ ರೂಮಿಗೆ ಬನ್ನಿ, ಚಿತ್ರಾನ್ನ ಮಾಡ್ತೀನಿ" ಅನ್ನಿ. ಅಣ್ಣ ಈಗ ಅದನ್ನೇ ಮಾಡ್ತಿದ್ದಾರೆ. ಆ ಮೂವರಲ್ಲಿ ಇಬ್ಬರು ಬಂದು ತಿಂದರಂತೆ, ಕಡಲೆಕಾಯಿ ಬೀಜ ಹುಡುಕಿ ಹುಡುಕಿ. ಅಲ್ಲಿ 'ಸೀ' ಅಂದ್ರೆ ನೀವು, 'ಡು' ಅಂದ್ರೆ ನೀನು. ನಮ್ಮ ಭಾಷೆಯಲ್ಲಿ ಇರೋ ವ್ಯತ್ಯಾಸ ಅವರಲ್ಲೂ ಇದೆ, ಅದಕ್ಕೇ ನಮಗೆ ಅದು ಬೇಗ ಅರ್ಥ ಆಗುತ್ತೆ.

ಇಲ್ಲೇ ಇರೋ ನಮಗೂ ಒಂದು ಕೆಲಸ ಇದೆ. ರಾತ್ರಿ ಒಂದು ಗಂಟೆಗೆ ನಾಲ್ಕು ಮೀಮ್ ಎಸೆದು, ಉತ್ತರ ಬರಲಿಲ್ಲ ಅಂತ ಮುನಿಸಿಕೊಳ್ಳೋದನ್ನ ಬಿಡಬೇಕು. ಜರ್ಮನಿಯಲ್ಲಿ ಷ್ಟಾಮ್‌ಟಿಷ್ ಅಂತ ಇದೆ. ಒಂದೇ ಹೋಟೆಲ್, ಒಂದೇ ಟೇಬಲ್, ಗೊತ್ತುಮಾಡಿದ ದಿನ. ಬರೋರು ಬರ್ತಾರೆ, ಪ್ರತಿ ಸಲ ಫೋನ್ ಮಾಡಿ ಕರೆಯೋದು ಬೇಕಿಲ್ಲ. ನಾವು ಅದನ್ನ ಕದ್ದು ಫೋನಿಗೆ ಹಾಕಿದ್ವಿ. ಪ್ರತಿ ಭಾನುವಾರ ಅಣ್ಣನ ಸಂಜೆ ನಾಲ್ಕೂವರೆಗೆ, ನಮ್ಮ ರಾತ್ರಿ ಒಂಬತ್ತಕ್ಕೆ, ವಿಡಿಯೋ ಕಾಲ್. ಅವರು ಅಡುಗೆ ಮಾಡ್ತಿರ್ತಾರೆ, ನಾವು ಮೆಸ್ಸಿನ ತಟ್ಟೆ ಹಿಡಿದು ಕೂತಿರ್ತೀವಿ. ವಿಶೇಷ ಏನೂ ಮಾತಾಡಲ್ಲ. ಮಾರ್ಚ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ ಅಂತ ಎಂಜಿನಿಯರ್‌ಗಳಾದ ನಮಗೆ ಗೊತ್ತಿರಲಿಲ್ಲ. ಅವತ್ತು ಅಣ್ಣ ನಮ್ಮ ಎಂಟು ಗಂಟೆಗೇ ಫೋನ್ ಹಿಡಿದು ಒಬ್ಬರೇ ಕಾದಿದ್ದರು.

ಇನ್ನೊಂದು ವಿಷಯ ಹೇಳೋಕೆ ಸ್ವಲ್ಪ ನಾಚಿಕೆ. ಅಣ್ಣನ ಕಥೆ ಕೇಳಿ ಬಂದ ಮೇಲೆ ನಮಗೆ ನಮ್ಮ ಪಕ್ಕದ ರೂಮಿನವನು ನೆನಪಾದ. ಎರಡನೇ ಸೆಮಿಸ್ಟರ್‌ನಿಂದ ಶನಿವಾರದ ಬಿರಿಯಾನಿಗೆ ಅವನು ಬರಲ್ಲ. ಪ್ರತಿ ಸಲ ಅಸೈನ್‌ಮೆಂಟ್. ನಾವು ಅವನನ್ನ ಪುಸ್ತಕದ ಹುಳ ಅಂತ ಕರೀತಿದ್ವಿ. ನಮ್ಮ ಬಿಲ್ ಯಾವತ್ತೂ ಸಮ ಭಾಗ, ಅವನು ತಗೊಳ್ತಿದ್ದಿದ್ದು ಬರೀ ಎಗ್ ರೈಸ್. ಇದನ್ನ ಗಮನಿಸೋಕೆ ನಮಗೆ ಒಂದು ವರ್ಷ ಮತ್ತು ಜರ್ಮನಿ ಬೇಕಾಯ್ತು.

ಹೋದ ಶನಿವಾರ ಅವನ ಬಾಗಿಲು ತಟ್ಟಿ, "ಬಾರೋ, ಇವತ್ತಿಂದ ಅವರವರದ್ದು ಅವರವರೇ" ಅಂದ್ವಿ. ಒಂದು ನಿಮಿಷ ನಮ್ಮ ಮುಖ ನೋಡಿದ. ಆಮೇಲೆ ಚಪ್ಪಲಿ ಹಾಕಿಕೊಂಡ. ಗೇಟ್ ಮುಂದಿನ ಅಂಗಡಿ ಅಂಕಲ್, ಆರು ಜನ ಆರು ಸಲ ಸ್ಕ್ಯಾನ್ ಮಾಡಿದ್ದಕ್ಕೆ, "ಏನ್ರಪ್ಪ, ಜಗಳ ಆಡ್ಕೊಂಡಿದ್ದೀರಾ?" ಅಂತ ಕೇಳಿದರು. ಅವನು ಒಂದು ಮಸಾಲ ಪುರಿ ತಿಂದ, ಮೂವತ್ತೈದು ರೂಪಾಯಿ. ಹತ್ತೂವರೆಗೆ ವಾರ್ಡನ್ ಶಿಳ್ಳೆ ಹೊಡೆಯೋವರೆಗೂ ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತಿದ್ದ.