ಬೂದಿದಿಬ್ಬದ ಪದರುಗಳು

ಬಳ್ಳಾರಿ ಸೀಮೆಯ ದನಗಾಹಿಗಳಿಗೆ ಬೂದಿದಿಬ್ಬ ಹೊಸದಲ್ಲ. ಕುಡತಿನಿಯ ಹತ್ತಿರದ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಚಿತಾಭಸ್ಮವೆಂದೂ ಹಂಪಿಯ ಪಕ್ಕದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗವೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಅಂಥ ದಿಬ್ಬದ ಒಂದು ಹೆಂಟೆಯನ್ನು ಎತ್ತಿಕೊಂಡರೆ ಕಲ್ಲಿನಂತೆ ಕಂಡರೂ ಕೈಗೆ ಹಗುರ. ಮುರಿದರೆ ಒಳಗೆಲ್ಲ ತೂತು, ಕುಲುಮೆಯ ಕಿಟ್ಟದ ಹಾಗೆ ಗಾಜಿನ ಹೊಳಪು. ರಾಕ್ಷಸನ ಮೂಳೆ ಬೆಂದು ಹೀಗಾಯಿತೆಂದು ಯಾರಾದರೂ ನಂಬಿದ್ದರೆ ತಪ್ಪು ಹೇಳಲಾಗದು.

ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ನ್ಯೂಬೋಲ್ಡ್ 19ನೇ ಶತಮಾನದಲ್ಲಿ ಈ ಕಥೆಗಳನ್ನು ಬರೆದಿಟ್ಟ. 1872ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಬಳ್ಳಾರಿ ಬಳಿಯ ಸಂಗನಕಲ್ಲಿನ ಮಗ್ಗುಲಿನ ಕಪ್ಪಗಲ್ಲು ಗುಡ್ಡದಲ್ಲಿ ಕರಿಯ ಡಾಲರೈಟ್ ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದ ತಾಣವನ್ನು ಗುರುತಿಸಿದ. ದಿಬ್ಬಗಳ ಗುಟ್ಟು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ಜ್ವಾಲಾಮುಖಿ ಎಂದವರುಂಟು, ಲೋಹ ಕರಗಿಸಿದ ಜಾಗ ಎಂದವರುಂಟು.

ಉತ್ತರ ಸಿಕ್ಕಿದ್ದು ದನದ ಗೊರಸಿನ ಅಡಿಯಲ್ಲಿ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ, ಬೂದಿಯ ಪದರಗಳ ನಡುವೆ ಗೊರಸಿನ ಗುರುತು, ಸುತ್ತ ದೊಡ್ಡಿಯ ಗೂಟ ನೆಟ್ಟ ಕುಳಿಗಳು ಕಂಡವು. ಬಳ್ಳಾರಿಯ ದಿಬ್ಬಗಳನ್ನು ಪರೀಕ್ಷಿಸಿದ ವಿಜ್ಞಾನಿ ಜ್ಯೂನರ್ ಕೂಡ ಇದು ಸುಟ್ಟ ಸಗಣಿ ಎಂದೇ 1960ರಲ್ಲಿ ಬರೆದ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕಟ್ಟಿದವರು ಸಗಣಿಯನ್ನು ಗುಡ್ಡೆ ಹಾಕಿ, ಮತ್ತೆ ಮತ್ತೆ ಬೆಂಕಿಯಿಟ್ಟಿದ್ದರು. ಹಬ್ಬಕ್ಕೋ, ರೋಗ ಕಳೆಯಲೋ, ಆ ಚರ್ಚೆ ಇನ್ನೂ ಮುಗಿದಿಲ್ಲ.

ಧ್ರುವದ ಹಿಮನದಿಯೂ ಈ ದಿಬ್ಬಗಳ ಹಾಗೇ ಪದರುಪದರಾಗಿ ಬೆಳೆಯುತ್ತದೆ. ಹಿಂದಿನ ವರ್ಷದ ಹಿಮದ ಮೇಲೆ ಈ ವರ್ಷದ್ದು ಬಿದ್ದು, ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಆದರೆ ಉತ್ತರ ಧ್ರುವದ ಕಡೆಯ, ಇಂಥ ಹಿಮನದಿಗಳಿರುವ ಸ್ವಾಲ್‌ಬಾರ್ಡ್ ದ್ವೀಪಗಳನ್ನು 1596ರಲ್ಲಿ ಡಚ್ ನಾವಿಕ ಬಾರೆಂಟ್ಸ್ ಕಂಡಾಗ ಅಲ್ಲಿ ಒಂದು ಹಟ್ಟಿಯೂ ಇರಲಿಲ್ಲ. ಅದನ್ನು ಶೋಧ ಎನ್ನಬಹುದು. ಬಳ್ಳಾರಿಯಲ್ಲಿ ಹಾಗಲ್ಲ: ದಿಬ್ಬಕ್ಕೆ ಹೆಸರಿತ್ತು, ಕಥೆಯಿತ್ತು, ಬೂದಿಯೆಂಬ ಅರಿವೂ ಇತ್ತು. ಪಂಡಿತರು ವಾದಿಸುತ್ತಿದ್ದಾಗಲೂ ಊರವರು ಅದನ್ನು ಬೂದಿಯೆಂದೇ ಕರೆಯುತ್ತಿದ್ದರು. ಫೂಟ್‌ನ ಶ್ರಮ ದೊಡ್ಡದು, ಆದರೆ ಮೊದಲ ಸಾಕ್ಷಿ ಈ ನೆಲದವರದೇ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963ರಿಂದ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಬೂದಿದಿಬ್ಬಗಳ ಯುಗದವರ ದುಂಡು ಗುಡಿಸಲುಗಳ ನೆಲ ಸಿಕ್ಕಿತು, ಚಿನ್ನದ ಒಡವೆಯೂ ಸಿಕ್ಕಿತು. ಅಂಥದೇ ಕುರುಗೋಡಿನ ಬಂಡೆಗುಡ್ಡಗಳನ್ನು ನೋಡಿದರೆ ಅವರು ಬಯಲು ಬಿಟ್ಟು ಮೇಲೇಕೆ ಮನೆ ಕಟ್ಟಿದರೆಂದು ತಿಳಿಯುತ್ತದೆ. ಬಂಡೆಯ ನೆರಳು, ದೊಣೆಯ ನೀರು, ಕೆಳಗೆ ಮೇಯುವ ದನ ಕಣ್ಣಳತೆಯಲ್ಲಿ.

ಎಷ್ಟೋ ದಿಬ್ಬಗಳ ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ. ಕಪ್ಪಗಲ್ಲಿನ ಗುಡ್ಡ ಕಲ್ಲುಗಣಿಯ ಏಟು ತಿಂದಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮೇಷ್ಟ್ರುಗಳು ಹಂಪಿ ಪ್ರವಾಸಕ್ಕೆ ಹೊರಟಾಗ ಮಕ್ಕಳನ್ನು ಒಂದು ಗಳಿಗೆ ಬೂದಿದಿಬ್ಬದ ಬಳಿ ಇಳಿಸಲಿ. ನೋಡಲು ಟಿಕೆಟ್ ಬೇಕಿಲ್ಲ, ಆದರೆ ಒಂದು ಹೆಂಟೆಯನ್ನೂ ಮನೆಗೆ ತರಬೇಡಿ.