ವಿಲಾಸನೌಕೆಯ ದಿನಚರಿ

ಮಳೆಗಾಲವು ಕಳೆದು ಕಡಲು ಶಾಂತವಾದೊಡನೆ ನಮ್ಮ ಉರ್ವದ ಮುಖ್ಯರಸ್ತೆಯಲ್ಲಿ ಒಂದು ನೋಟವು ಕಾಣಸಿಗುವುದುಂಟು. ಬೆಳಗಿನ ಒಂಬತ್ತು ಗಂಟೆಯ ಸುಮಾರಿಗೆ ಪಣಂಬೂರಿನ ಕಡೆಯಿಂದ, ಕುಳೂರು ಸೇತುವೆಯನ್ನೂ ಕೊಟ್ಟಾರ ಚೌಕಿಯನ್ನೂ ದಾಟಿ, ದೊಡ್ಡ ಬಸ್ಸುಗಳು ಒಂದರ ಹಿಂದೊಂದಾಗಿ ಉರ್ವಸ್ಟೋರಿನ ಮಾರ್ಗವಾಗಿ ಲೇಡಿಹಿಲ್ಲಿನತ್ತ ಸಾಗುತ್ತವೆ. ಕಿಟಕಿಗಳಲ್ಲಿ ಟೊಪ್ಪಿಯಿಟ್ಟ ನರೆತ ತಲೆಗಳು. ಅವರು ನಮ್ಮನ್ನು ನೋಡುತ್ತಾರೆ. ಕೈಚೀಲ ಹಿಡಿದು ಮಾರ್ಕೆಟಿಗೆ ಹೊರಟ ನಾವು ಅವರನ್ನು ನೋಡುತ್ತೇವೆ. ಕುದ್ರೋಳಿಯ ಗೋಕರ್ಣನಾಥನನ್ನೂ, ಕದ್ರಿಯ ಮಂಜುನಾಥನನ್ನೂ, ಸಂತ ಅಲೋಶಿಯಸ್ ಚಾಪೆಲಿನಲ್ಲಿ ಮೊಸ್ಕೇನಿಯು ಬರೆದ ಚಿತ್ರಗಳನ್ನೂ ನೋಡಿ, ಕೆಲವರು ಮೂಡಬಿದಿರೆಯ ಸಾವಿರ ಕಂಬದ ಬಸದಿಯವರೆಗೂ ಹೋಗಿ, ಸಂಜೆಯೊಳಗೆ ಅದೇ ಹಾದಿಯಲ್ಲಿ ಹಿಂತಿರುಗುತ್ತಾರೆ. ಕತ್ತಲಾಗುವಷ್ಟರಲ್ಲಿ ಅವರ ಹಡಗು ಕೊಚ್ಚಿಗೋ ಗೋವೆಗೋ ಹೊರಟಿರುತ್ತದೆ.

ಈ ಜನರು ತಿಂಗಳುಗಟ್ಟಲೆ ನೀರಿನ ಮೇಲೆ ಹೇಗೆ ದಿನ ಕಳೆಯುತ್ತಾರೆಂಬ ಕುತೂಹಲವು ನಮಗೆ ಬಹುಕಾಲದಿಂದ ಇದ್ದಿತು. ಆದರೆ ಅದನ್ನು ವಿಚಾರಿಸುವ ಪ್ರಸಂಗವು ಬಂದುದು ಕಳೆದ ತಿಂಗಳು. ಮಾರಿಗುಡಿಯ ಆಚೆಗಿರುವ ನೆರೆಯ ಗೃಹಿಣಿಯೊಬ್ಬರು ಒಂದು ಸಂಜೆ ಕೈಯಲ್ಲಿ ಕಾಗದಗಳ ಕಟ್ಟನ್ನು ಹಿಡಿದು ನಮ್ಮಲ್ಲಿಗೆ ಬಂದರು. ಅವರ ಹಿರಿಯ ಮಗನು ನಾಲ್ಕು ವರ್ಷಗಳಿಂದ ಅಂಥದೊಂದು ಹಡಗಿನಲ್ಲಿ ಕೋಣೆಗಳ ಪರಿಚಾರಕ. ಈಗ ಕಿರಿಯವನೂ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. “ಮಾಸ್ಟ್ರೇ, ನೀವು ಓದಿದವರು, ಇದನ್ನೊಮ್ಮೆ ನೋಡಿ. ದೊಡ್ಡವನು ಫೋನು ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎಂದೇ ಹೇಳುವುದು. ಅಲ್ಲಿ ದಿನ ಹೇಗೆ ಹೋಗುತ್ತದೆಂದು ನನಗೆ ಇನ್ನೂ ಗೊತ್ತಾಗಲಿಲ್ಲ” ಎಂದರು.

ಕಾಗದಗಳ ಕಟ್ಟಿನಲ್ಲಿ ಕರಾರುಪತ್ರದ ಜೊತೆಗೆ, ಹಿರಿಯ ಮಗನು ರಜೆಯಲ್ಲಿ ಬಂದಾಗ ತಂದಿದ್ದ, ಹಡಗಿನ ಒಂದು ದಿನದ ಕಾರ್ಯಕ್ರಮಪತ್ರಿಕೆಯೂ ಇತ್ತು. ಅದನ್ನು ಓದಿಕೊಂಡು, ಇಂಥ ಹಡಗುಗಳಲ್ಲಿ ಹದಿನೆಂಟು ವರ್ಷ ದುಡಿದು ಈಗ ನಮ್ಮ ಕೇರಿಯಲ್ಲೇ ಅಂಗಡಿಯಿಟ್ಟಿರುವ ಹಿರಿಯರೊಬ್ಬರನ್ನು ಕೇಳಿ, ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಸಮುದ್ರಪ್ರಯಾಣವು ನಮ್ಮ ಕರಾವಳಿಗೆ ಹೊಸದಲ್ಲ. ಮುಂಬಯಿಗೆ ಸ್ಟೀಮರಿನಲ್ಲಿ ಹೋಗಿಬಂದ ಅಜ್ಜಂದಿರು ಅನೇಕ ಮನೆಗಳಲ್ಲಿದ್ದರು. ಮಂಗಳೂರಿನ ಹಳೆಯ ಬಂದರದಿಂದ ದೋಣಿಯಲ್ಲಿ ಹೋಗಿ ದೂರದಲ್ಲಿ ನಿಂತ ಹಡಗನ್ನೇರುವುದು, ಡೆಕ್ಕಿನ ಮೇಲೆ ಚಾಪೆ ಬಿಡಿಸುವುದು, ಬುತ್ತಿ ಕಟ್ಟಿಕೊಂಡಿದ್ದರೂ ಹೊಟ್ಟೆ ತೊಳಸಿ ಉಣ್ಣಲಾರದೆ ನಿಂಬೆಹಣ್ಣನ್ನು ಮೂಸುತ್ತ ಮಲಗುವುದು: ಇದು ಆ ಪ್ರಯಾಣದ ಸುಖ. ಮಳೆಗಾಲದಲ್ಲಿ ಅದೂ ಇಲ್ಲ. ಹಡಗೆಂದರೆ ಊರು ಮುಟ್ಟಿಸುವ ಸಾಧನ. ಬೇಗ ಮುಟ್ಟಿಸಿದಷ್ಟೂ ಪುಣ್ಯ. ಹಡಗಿನಲ್ಲಿರುವುದೇ ಉದ್ದೇಶವಾಗಿ, ಊರುಗಳು ನೆಪಗಳಾದುದು ಪಾಶ್ಚಾತ್ಯರ ಕಲ್ಪನೆ. 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬಾತನು, ಚಳಿಗಾಲದಲ್ಲಿ ಕೆಲಸವಿಲ್ಲದೆ ನಿಲ್ಲಬೇಕಾಗಿದ್ದ ತನ್ನ ಹಡಗನ್ನು ಸುಮ್ಮನೆ ಬಿಡಲೊಲ್ಲದೆ, ಶ್ರೀಮಂತರನ್ನು ಹೇರಿಕೊಂಡು ಮೆಡಿಟರೇನಿಯನ್ ಸಮುದ್ರವನ್ನು ಸುತ್ತಿಸಿ ತಂದನು. 1922ರಲ್ಲಿ ‘ಲಕೋನಿಯಾ’ ಎಂಬ ಹಡಗು ನ್ಯೂಯಾರ್ಕಿನಿಂದ ಹೊರಟು 130 ದಿನಗಳಲ್ಲಿ ಭೂಮಂಡಲವನ್ನೇ ಸುತ್ತಿಬಂದಿತು. ಇಂದಿನ ದೀರ್ಘ ವಿಹಾರಗಳೆಲ್ಲ ಅದರ ಮರಿಗಳು. ನಮ್ಮ ಹೊಸ ಬಂದರವು 1975ರಲ್ಲಿ ಉದ್ಘಾಟನೆಗೊಂಡ ಬಳಿಕ, ಹಿಂದೆ ದೂರದಲ್ಲಿ ನಿಲ್ಲಬೇಕಾಗುತ್ತಿದ್ದ ದೊಡ್ಡ ಹಡಗುಗಳು ಧಕ್ಕೆಗೇ ತಾಗಿ ನಿಲ್ಲುವಂತಾಯಿತು.

ಈಗ ಕಾರ್ಯಕ್ರಮಪತ್ರಿಕೆಗೆ ಬರೋಣ. ಮರುದಿನ ಏನೇನು ನಡೆಯುವುದೆಂಬುದನ್ನು ಹಿಂದಿನ ಸಂಜೆಯೇ ಅಚ್ಚುಮಾಡಿ ಕೋಣೆ ಕೋಣೆಗೂ ಹಂಚುವ ಪದ್ಧತಿಯಿದೆ. ಬೆಳಗ್ಗೆ ಏಳಕ್ಕೆ ಡೆಕ್ಕಿನ ಮೇಲೆ ನಡಿಗೆ. ಎಷ್ಟು ಸುತ್ತು ನಡೆದರೆ ಒಂದು ಮೈಲಾಗುವುದೆಂದು ಅಲ್ಲಿ ಬರೆದಿಟ್ಟಿರುತ್ತಾರೆ. ಬಳಿಕ ಉಪಾಹಾರ. ಹತ್ತಕ್ಕೆ ಮುಂದಿನ ಬಂದರದ ಚರಿತ್ರೆಯ ಮೇಲೆ ಉಪನ್ಯಾಸ. ಅನಂತರ ನೃತ್ಯದ ಪಾಠ, ಇಸ್ಪೀಟು, ಹೆಣಿಗೆಯ ಕೂಟ. ನಡುಹಗಲು ಕಪ್ತಾನನ ಧ್ವನಿಯು ಧ್ವನಿವರ್ಧಕದಲ್ಲಿ ಕೇಳುವುದು: ಹಡಗು ಎಲ್ಲಿದೆ, ಗಾಳಿ ಯಾವ ಕಡೆಯದು, ಕೆಳಗೆ ಕಡಲಿನ ಆಳ ಎಷ್ಟು. ನಾಲ್ಕಕ್ಕೆ ಚಹ. ರಾತ್ರಿ ಕೆಲವು ದಿನ ವಿಶೇಷ ಪೋಷಾಕು ಧರಿಸಿಯೇ ಭೋಜನಶಾಲೆಗೆ ಬರಬೇಕು. ಆಮೇಲೆ ನಾಟಕವೋ ಸಂಗೀತವೋ. ಭೂಮಧ್ಯರೇಖೆಯನ್ನು ದಾಟುವ ದಿನ ಒಬ್ಬನಿಗೆ ಸಮುದ್ರರಾಜನ ವೇಷ ಹಾಕಿ, ಮೊದಲ ಸಲ ದಾಟುವವರಿಗೆ ನೀರೆರಚಿ ಗದ್ದಲವೆಬ್ಬಿಸುವ ಹಳೆಯ ಸಂಪ್ರದಾಯವೂ ಇದೆ. ಹಡಗು ಹೊರಡುವ ದಿನವೇ ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೂಗಿಸಿ, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ಎಲ್ಲರಿಗೂ ಕಲಿಸುತ್ತಾರೆ. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟ ಕಾಂಕಾರ್ಡಿಯಾ’ ಬಂಡೆಗೆ ತಾಗಿ ಮಗುಚಿದ ಮೇಲೆ ಈ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಿತು.

ಇಷ್ಟೆಲ್ಲ ಇದ್ದರೂ ದಿನಗಳು ಒಂದರಂತೆ ಒಂದು. ಇಂದು ಯಾವ ವಾರವೆಂಬುದೇ ಯಾತ್ರಿಕರಿಗೆ ಮರೆತುಹೋಗುವುದರಿಂದ, ಕೆಲವು ಹಡಗುಗಳ ಲಿಫ್ಟಿನೊಳಗೆ ವಾರದ ಹೆಸರುಳ್ಳ ನೆಲಹಾಸನ್ನು ಹಾಸಿ ದಿನದಿನವೂ ಬದಲಿಸುತ್ತಾರಂತೆ! ನಮ್ಮ ಹಿರಿಯರು ಇನ್ನೊಂದು ಮಾತು ಹೇಳಿದರು. ಎರಡು ತಿಂಗಳಾದ ಮೇಲೆ ಅರಮನೆಯಂಥ ಹಡಗಿನಲ್ಲಿಯೂ ಕಲಹ ಹುಟ್ಟುವುದು ಬಟ್ಟೆ ಒಗೆಯುವ ಯಂತ್ರದ ಕೋಣೆಯಲ್ಲಿ: ನನ್ನ ಸರದಿ, ನಿನ್ನ ಸರದಿ ಎಂದು. ನಮ್ಮ ಹಳೆಯ ವಠಾರಗಳ ಬಾವಿಕಟ್ಟೆಯನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಇದು ಮೇಲಿನ ಅಂತಸ್ತುಗಳ ದಿನಚರಿ. ಆ ತಾಯಿ ಕೇಳಿದುದು ಕೆಳಗಿನದನ್ನು.

ಅತಿ ಉತ್ತಮ ದರ್ಜೆಯ ಹಡಗುಗಳಲ್ಲಿ ಉಣ್ಣುವವರಿಗೂ ಬಡಿಸುವವರಿಗೂ ಸಂಖ್ಯೆಯಲ್ಲಿ ಹೆಚ್ಚು ಅಂತರವಿರುವುದಿಲ್ಲ. ಕೊರೋನದ ಬಳಿಕ, 2022ರ ನವೆಂಬರಿನಲ್ಲಿ, ಪಣಂಬೂರಿಗೆ ಬಂದ ‘ಯುರೋಪಾ 2’ ಎಂಬ ಹಡಗಿನಲ್ಲಿ ಸುಮಾರು 500 ಯಾತ್ರಿಕರಿಗೆ ಸ್ಥಳವಿದೆ. ಸಿಬ್ಬಂದಿ ಸುಮಾರು 370. ಇಷ್ಟು ಜನರು ನೀರಿನ ಮಟ್ಟದ ಆಸುಪಾಸಿನಲ್ಲಿ, ಬಹುಮಟ್ಟಿಗೆ ಕಿಟಕಿಯಿಲ್ಲದ ಕೋಣೆಗಳಲ್ಲಿ, ಒಂದರ ಮೇಲೊಂದಾದ ಹಾಸಿಗೆಗಳಲ್ಲಿ ಮಲಗುತ್ತಾರೆ. ಪರಿಚಾರಕನು ನಸುಕಿನಲ್ಲೆದ್ದು, ಯಾತ್ರಿಕರು ಉಪಾಹಾರಕ್ಕೆ ಹೋದೊಡನೆ ತನ್ನ ಪಾಲಿನ ಹದಿನೈದು ಇಪ್ಪತ್ತು ಕೋಣೆಗಳನ್ನು ಹಿಡಿಯುತ್ತಾನೆ. ಹಾಸಿಗೆ, ಬಚ್ಚಲು, ಕನ್ನಡಿ, ಕಸ. ಮಧ್ಯಾಹ್ನ ಕೊಂಚ ವಿರಾಮ. ಸಂಜೆ ಅವರು ಭೋಜನಕ್ಕೆ ಹೋದಾಗ ಅದೇ ಕೋಣೆಗಳನ್ನು ಮತ್ತೊಮ್ಮೆ ಓರಣಗೊಳಿಸಿ, ಹೊದಿಕೆಯ ಒಂದು ಮೂಲೆಯನ್ನು ಮಡಚಿ, ಟವೆಲಿನಿಂದ ಆನೆಯನ್ನೋ ಹಂಸವನ್ನೋ ಮಾಡಿ ಹಾಸಿಗೆಯ ಮೇಲೆ ಕೂರಿಸಬೇಕು. ಮೈಯಲ್ಲಿ ಎಷ್ಟೇ ಆಯಾಸವಿದ್ದರೂ ದಾರಿಯಲ್ಲಿ ಎದುರಾದವರಿಗೆಲ್ಲ ನಗುಮುಖ ತೋರಬೇಕು. ಹೀಗೆ ವಾರದ ಏಳು ದಿನ. ಆದಿತ್ಯವಾರವಿಲ್ಲ, ಅಷ್ಟಮಿಯಿಲ್ಲ, ಮಾರಿಪೂಜೆಯಿಲ್ಲ. ಹಡಗು ಪೂರ್ವಕ್ಕೆ ಸಾಗುವಾಗ ಗಡಿಯಾರವನ್ನು ರಾತ್ರಿ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಯಾತ್ರಿಕನು ಮರುದಿನ ತಡವಾಗಿ ಏಳಬಹುದು. ಪರಿಚಾರಕನ ನಿದ್ರೆಯಲ್ಲಿ ಒಂದು ಗಂಟೆ ಹೋಯಿತು, ಅಷ್ಟೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ನಾವಿಕರ ದುಡಿಮೆಯ ಬಗೆಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯು 2013ರಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದಕ್ಕೆ ಸೇರಿತು. ಅದರಂತೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಿ ದುಡಿಸಕೂಡದು, ಇಲ್ಲವೇ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಮಿತಿಯೇ 14 ಗಂಟೆಯೆಂದರೆ ಮಾಮೂಲು ಎಷ್ಟಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ವಿಲಾಸದ ಈ ಎರಡು ಅಂತಸ್ತುಗಳ ನಡುವಣ ಅಂತರವು ಲೋಕಕ್ಕೆಲ್ಲ ಕಂಡುದು 2020ರಲ್ಲಿ. ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು 3,711 ಜನರ ಸಹಿತ ತಡೆದು ನಿಲ್ಲಿಸಿದಾಗ ಅದರಲ್ಲಿ 138 ಮಂದಿ ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿ. ನಮ್ಮ ಕಾರವಾರದ ಯುವಕನೊಬ್ಬನೂ ಇದ್ದನು. ಯಾತ್ರಿಕರಿಗೆ ಕೋಣೆಯಿಂದ ಹೊರಬರಬೇಡಿರೆಂದು ಆಜ್ಞೆಯಾಯಿತು. ಆದರೆ ಅವರ ಬಾಗಿಲಿಗೆ ಊಟ ತಲುಪಿಸಬೇಕಲ್ಲವೆ? ಸಿಬ್ಬಂದಿಯವರು ತಲುಪಿಸಿದರು, ರಾತ್ರಿ ಮತ್ತೆ ಜೊತೆಕೋಣೆಗಳಲ್ಲಿ ಮಲಗಿದರು. ಆ ಹಡಗಿನಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತು. ಮಾರ್ಚ್ ಮೊದಲ ವಾರದಲ್ಲಿ ನಮ್ಮ ಪಣಂಬೂರಿಗೆ ಬಂದ ‘ಎಂ. ಎಸ್. ಸಿ. ಲಿರಿಕಾ’ ಹಡಗಿಗೂ ಧಕ್ಕೆಗೆ ಬರಲು ಅನುಮತಿ ದೊರೆಯಲಿಲ್ಲ. ಮುಂದೆ ಯಾತ್ರಿಕರನ್ನು ಹೇಗೋ ಅವರವರ ದೇಶಕ್ಕೆ ಮುಟ್ಟಿಸಿದರೂ, ಅನೇಕ ಹಡಗುಗಳಲ್ಲಿ ಸಿಬ್ಬಂದಿಯು ತಿಂಗಳುಗಟ್ಟಲೆ ಕಡಲಿನಲ್ಲೇ ಉಳಿಯಿತು. ಆ ದಿನಗಳಲ್ಲಿ ನಮ್ಮ ನೆರೆಯಾಕೆಯ ಮನೆಯಲ್ಲಿ ರಾತ್ರಿ ದೀಪ ಆರುತ್ತಿರಲಿಲ್ಲ. ಆಗ ಅವರ ಮಗ ಹಡಗಿಗೆ ಸೇರಿರಲಿಲ್ಲ. ಸಿಕ್ಕಿಬಿದ್ದವನು ಅವರ ತಮ್ಮ.

ಹೀಗೆಂದು, ಹೋಗಬೇಡವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಮನೆಯ ಹಂಚಿನ ಮಾಡು ಹೋಗಿ ತಾರಸಿ ಬಂದುದೂ, ಮಗಳ ಮದುವೆ ಸಾಲವಿಲ್ಲದೆ ನಡೆದುದೂ ಅದೇ ಹಡಗಿನ ಹಣದಿಂದ. ಊಟ, ವಸತಿ ಹಡಗಿನವೇ ಆದುದರಿಂದ ಮಿತವ್ಯಯಿಯಾದ ಹುಡುಗನಿಗೆ ಉಳಿತಾಯವಾಗುವುದು ನಿಜ. ಆದ್ದರಿಂದ ನಾವು ಕರಾರುಪತ್ರವನ್ನೇ ಗಮನವಿಟ್ಟು ಓದಿದೆವು. ಎಷ್ಟು ತಿಂಗಳ ಅವಧಿ, ಸಂಬಳವೆಷ್ಟು, ಅದರಲ್ಲಿ ಯಾತ್ರಿಕರ ಬಕ್ಷೀಸಿನ ಪಾಲೆಷ್ಟು, ಕಾಯಿಲೆಯಾದರೆ ಊರಿಗೆ ಕಳುಹಿಸುವ ಖರ್ಚು ಯಾರದು: ಈ ನಾಲ್ಕೂ ಸ್ಪಷ್ಟವಾಗಿರಬೇಕು. ಮುಖ್ಯವಾಗಿ, ಕೆಲಸ ಕೊಡಿಸುವ ಏಜೆಂಟನಿಗೆ ನಮ್ಮ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಿಗೆ ಇರಬೇಕು. ಪಾಸ್‌ಪೋರ್ಟು, ವೈದ್ಯಕೀಯ ಪರೀಕ್ಷೆ, ನಾವಿಕನ ದಾಖಲೆಪುಸ್ತಕ ಮೊದಲಾದವುಗಳ ಖರ್ಚು ಹುಡುಗನ ಪಾಲಿಗೆ ಬರಬಹುದು. ಆದರೆ ಕೆಲಸ ಕೊಡಿಸಿದೆನೆಂದು ಅವನಿಂದ ಹಣ ತೆಗೆದುಕೊಳ್ಳಲು ಒಡಂಬಡಿಕೆಯು ಒಪ್ಪುವುದಿಲ್ಲ. ನಮಗೆ ಪರಿಚಿತವಾದ ಒಂದು ಮನೆಯವರು ಚಿನ್ನ ಅಡವಿಟ್ಟು ಅಂಥವನೊಬ್ಬನಿಗೆ ಹಣ ಕೊಟ್ಟರು. ಹಡಗೂ ಇಲ್ಲ, ಏಜೆಂಟನೂ ಇಲ್ಲ. ಕಿರಿಯವನ ಏಜೆಂಟನ ಪರವಾನಿಗೆಯ ಸಂಖ್ಯೆಯನ್ನು ಕೇಳಿಕೊಂಡು ಬಾ ಎಂದು ಅವನನ್ನೇ ಕಳುಹಿಸಿದ್ದೇವೆ. ಇನ್ನೂ ಬಂದಿಲ್ಲ.

ಕಾಗದಗಳನ್ನು ಮಡಚಿ ಕೊಡುವಾಗ ಆಕೆ ಕಳೆದ ವರ್ಷದ ಸಂಗತಿಯೊಂದನ್ನು ಹೇಳಿದರು. ಹಿರಿಯ ಮಗನ ಹಡಗು ಪಣಂಬೂರಿಗೇ ಬಂದಿತ್ತು. ಏಳು ತಿಂಗಳಾಗಿತ್ತು ಅವನನ್ನು ಕಂಡು. ಬೆಳಗ್ಗೆ ನಾಲ್ಕಕ್ಕೆದ್ದು ನೀರುದೋಸೆ ಹುಯ್ದು, ಬಂಗುಡೆಯ ಪುಳಿಮುಂಚಿ ಮಾಡಿ ಕಾದರು. ಒಂಬತ್ತಕ್ಕೆ ಫೋನು ಬಂತು. ಹಡಗು ಬಂದರದಲ್ಲಿರುವಾಗಲೂ, ಬೆಂಕಿಯೋ ಅಪಾಯವೋ ಬಂದರೆ ನೋಡಿಕೊಳ್ಳಲು ಸಿಬ್ಬಂದಿಯಲ್ಲಿ ಇಂತಿಷ್ಟು ಜನ ಒಳಗೇ ಇರಬೇಕೆಂಬ ನಿಯಮವಿದೆ. ಸರದಿಯ ಪ್ರಕಾರ ಹೆಸರು ಹಾಕುತ್ತಾರೆ. ಆ ದಿನದ ಪಟ್ಟಿಯಲ್ಲಿ ಅವನ ಹೆಸರಿತ್ತು. ಬದಲಿಗೆ ಇನ್ನೊಬ್ಬನನ್ನು ಕೇಳಿದನಂತೆ, ಆಗಲಿಲ್ಲ. ಅನುಮತಿಚೀಟಿಯಿಲ್ಲದೆ ಬಂದರದ ಗೇಟಿನೊಳಕ್ಕೆ ಇವರನ್ನು ಬಿಡುವವರಿಲ್ಲ.

ಅಂದು ಆಕೆ ಉರ್ವಸ್ಟೋರಿಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತರು. ಮಗನು ಹಾಸಿಗೆ ಹಾಸಿಕೊಡುವ ಜನರನ್ನು ಹೊತ್ತ ಬಸ್ಸುಗಳು ಕುದ್ರೋಳಿಯತ್ತ ಹೋದವು. ಒಬ್ಬ ಮುದುಕಿ ಕಿಟಕಿಯಿಂದ ಕೈ ಬೀಸಿದಳು, ಇವರೂ ಬೀಸಿದರು.

ಸಂಜೆ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿಯ ಕಡಲ ಬದಿಗೆ ಹೋದರು. ಕತ್ತಲಾಗುತ್ತಿದ್ದಂತೆ ಉತ್ತರದ ಕಡೆಯಿಂದ ಹಡಗು ಸಾಲುದೀಪಗಳೊಡನೆ ಹೊರಬಂದಿತು. ಆಕೆ ಫೋನು ಹಚ್ಚಿ, “ಮಗಾ, ನೀನು ಯಾವ ದೀಪದ ಹತ್ತಿರ ಇದ್ದೀ?” ಎಂದು ಕೇಳಿದರಂತೆ.

“ಇಲ್ಲಿಂದ ಹೊರಗೆ ಕಾಣುವುದಿಲ್ಲ, ಅಮ್ಮ. ಇನ್ನೂ ಒಂಬತ್ತು ಕೋಣೆ ಬಾಕಿಯಿದೆ” ಎಂದನಂತೆ.